ಹಿತ್ತಲಿನ ಎರಡನೇ ಗುಂಡಿ

ನಮ್ಮ ಮನೆಯವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಅವರು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಹಾವೇರಿ, ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು, ಈ ಊರುಗಳ ನಡುವೆಯೇ ಅವರ ನೌಕರಿ ಸವೆಯಿತು. ನನ್ನನ್ನು ಮಾತನಾಡಿಸಲು ಬಂದವರೆಲ್ಲ ಅವರ ಬಸ್ಸಿನ ಸುದ್ದಿಯನ್ನೇ ತೆಗೆದರು. ಸಿಟ್ಟು ಬಂದವರನ್ನೂ ನಗಿಸಿ ಇಳಿಸುತ್ತಿದ್ದರು ಅಂದರು. ಮಳೆಯಲ್ಲಿ ಓಡಿ ಬರುವವರನ್ನು ಕಂಡರೆ ಬಸ್ಸು ನಿಲ್ಲಿಸುತ್ತಿದ್ದರು ಅಂದರು. ಅದೆಲ್ಲ ಖರೆ. ನಾನು ತಲೆಯಾಡಿಸುತ್ತ ಕುಳಿತಿದ್ದೆ.

ಆದರೆ ನನ್ನ ಕಣ್ಣಿನ ಮುಂದೆ ಅವರು ಬರುವುದು ಖಾಕಿ ಬಟ್ಟೆಯಲ್ಲಿ ಅಲ್ಲ. ಹಳೆಯ ಲುಂಗಿಯನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಹಿತ್ತಲಿನ ಗೊಬ್ಬರದ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಕೈಯಲ್ಲಿ ಒಂದು ಹಿಡಿ ಗೊಬ್ಬರ. ಅದನ್ನು ಮೂಗಿನ ಹತ್ತಿರ ಹಿಡಿದು, ಒಳ್ಳೆಯ ಅಕ್ಕಿ ನೋಡುವವರ ಹಾಗೆ ನೋಡುತ್ತಿರುತ್ತಾರೆ. ಆ ಗೊಬ್ಬರದ ಸಂಗತಿ ನನಗೆ ಮತ್ತು ನಮ್ಮ ಓಣಿಯವರಿಗೆ ಬಿಟ್ಟರೆ ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಗೊಬ್ಬರ ಯಾಕೆ ಮಾಡಲು ಹಿಡಿದರು ಎನ್ನುವುದು ಓಣಿಯವರಿಗೂ ಗೊತ್ತಿಲ್ಲ.

ಹಾವೇರಿಯಲ್ಲಿ ನಾವು ಎರಡು ಕೋಣೆಯ ಮನೆ ಕಟ್ಟಿಕೊಂಡದ್ದು ಎಂಬತ್ತರ ದಶಕದಲ್ಲಿ. ಊರ ಹೊರಗಿನ ಹೊಸ ಬಡಾವಣೆ. ಅಲ್ಲಿಯದು ಮಣ್ಣಲ್ಲ, ಗರಸು. ಹಾರೆ ಹಾಕಿದರೆ ಕಿಡಿ ಹಾರುವಂಥ ನೆಲ. ಮನೆಯ ಹಿಂದೆ ಹಿತ್ತಲೇನೋ ಇತ್ತು, ಆದರೆ ಅಲ್ಲಿ ಬಟ್ಟೆ ಒಣಗಿಸುವ ತಂತಿ ಮತ್ತು ಮನೆ ಕಟ್ಟಿ ಉಳಿದ ಇಟ್ಟಿಗೆಯ ಚೂರು ಬಿಟ್ಟರೆ ಏನೂ ಇರಲಿಲ್ಲ. ಹುಲ್ಲೂ ಬರುತ್ತಿರಲಿಲ್ಲ.

ಮನೆ ಕಟ್ಟಿದ ವರ್ಷವೇ ಇವರ ಊರಾದ ಕರ್ಜಗಿಯಲ್ಲಿ ನನ್ನ ಮಾವನವರು ತೀರಿಕೊಂಡರು. ಯುಗಾದಿ ಮುಗಿದ ಮೇಲೆ ಇವರು ಊರಿಗೆ ಹೋಗಿ ಅತ್ತೆಯವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು. ಅತ್ತೆಗೆ ಕರ್ಜಗಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಲ್ಲಿ ಹಿರಿಯ ಮಗ, ಅಂದರೆ ನಮ್ಮ ಭಾವನವರು, ಹೊಲ ಮಾಡಿಕೊಂಡು ಇದ್ದರು. ಸೊಸೆ ಒಳ್ಳೆಯವಳು. ಮೊಮ್ಮಕ್ಕಳು ಇದ್ದರು. ಆದರೆ ನಮ್ಮ ಮನೆಯವರಿಗೆ ಬೇರೆಯೇ ಒಂದು ಆಸೆ ಇತ್ತು. ಅವರನ್ನು ಸಣ್ಣವರಿದ್ದಾಗಲೇ ಸಾಲಿ ಕಲಿಯಲೆಂದು ರಾಣೆಬೆನ್ನೂರಿನ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಓದು ಮುಗಿದ ಮೇಲೆ ನೌಕರಿ, ನೌಕರಿಯ ಮೇಲೆ ಮದುವೆ. ತಾಯಿಯ ಮನೆಗೆ ಹಬ್ಬಕ್ಕೆ ಬರುವ ನೆಂಟನ ಹಾಗೆ ಹೋಗಿ ಬಂದರೇ ಹೊರತು ಅವರ ಜೊತೆ ಇರಲಿಲ್ಲ. ಒಮ್ಮೆ ಊಟಕ್ಕೆ ಕುಳಿತಾಗ ತಾಟು ನೋಡುತ್ತ ನನಗೆ ಇಷ್ಟೇ ಹೇಳಿದ್ದರು: “ಅವ್ವನ ಕೈಯಾಗಿಂದು ಬಿಸಿ ರೊಟ್ಟಿ ಸತತ ನಾಕು ದಿನ ತಿಂದದ್ದು ನನಗ ನೆನಪ ಇಲ್ಲ ನೋಡು.” ಮತ್ತೆ ಆ ಮಾತು ತೆಗೆಯಲಿಲ್ಲ. ಅವ್ವ ನಮ್ಮ ಮನೆಯಲ್ಲಿ ಇರಬೇಕು, ಅದೇ ಅವರಿಗೆ ಬೇಕಾಗಿದ್ದದ್ದು. ಅದನ್ನು ಬಾಯಿಬಿಟ್ಟು ತಾಯಿಗೆ ಹೇಳುವವರ ಪೈಕಿ ಅವರಲ್ಲ.

ಅತ್ತೆ ಬಂದ ಮರುದಿನ ಮುಂಜಾನೆ ಕಾಯಿಪಲ್ಲೆ ಹೆಚ್ಚಿಕೊಡುತ್ತೇನೆ ಎಂದು ಕುಳಿತರು. ಹೆಚ್ಚಿದ ಮೇಲೆ ಸಿಪ್ಪೆಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಹಿತ್ತಲ ಬಾಗಿಲಿಗೆ ಹೋದರು. ಬಹಳ ಹೊತ್ತು ಅಲ್ಲೇ ನಿಂತರು. ನಾನು ಹೋಗಿ ನೋಡಿದೆ.

“ಇವನ್ನ ಎಲ್ಲಿ ಚೆಲ್ಲಲಿ?” ಎಂದರು.

“ಮುಂದ ಗಟಾರದಾಗ ಚೆಲ್ಲಿ ಬರ್ರಿ ಅತ್ತಿ. ಹಂದಿ ತಿಂತಾವು.”

ಅವರು ನನ್ನ ಮುಖ ನೋಡಿದರು. ಬಯ್ಯಲಿಲ್ಲ. ಸೆರಗು ಬಿಡದೆ ಹಾಗೆಯೇ ಒಳಗೆ ಬಂದು, ಡ್ಯೂಟಿಗೆ ಹೊರಟಿದ್ದ ಮಗನ ಮುಂದೆ ನಿಂತು ಹೇಳಿದರು: “ತಮ್ಮಾ, ತಿಪ್ಪಿ ಇಲ್ಲದ ಮನಿ ಅದೆಂಥಾ ಮನಿಯೋ? ಉಂಡದ್ದು, ಹಸನ ಮಾಡಿದ್ದು, ಒಲಿ ಬೂದಿ, ಎಲ್ಲಾ ಗಟಾರಕ್ಕಾದ್ರ ನೆಲಕ್ಕ ಏನು ಕೊಟ್ಹಂಗಾತು? ನಾ ನಾಕು ದಿನ ಇದ್ದು ಊರಿಗೆ ಹೋಗತೀನಪ್ಪಾ. ನನಗ ಇಲ್ಲಿ ಕೈಕಾಲು ಆಡೂದಿಲ್ಲ.”

ಇವರು ಬೂಟು ಹಾಕಿಕೊಳ್ಳುವುದನ್ನು ನಿಲ್ಲಿಸಿ ಹಿತ್ತಲಿನ ಕಡೆಗೆ ನೋಡಿದರು. “ಸಂಜಿ ತನಕಾ ಆ ಸಿಪ್ಪಿ ಒಂದು ಬುಟ್ಟ್ಯಾಗ ಇಡಬೇ” ಎಂದು ಹೊರಟುಹೋದರು.

ಸಂಜೆ ಬರುವಾಗ ಯಾರದೋ ಹಾರೆ, ಗುದ್ದಲಿ ಹೆಗಲ ಮೇಲಿದ್ದವು.

ಆ ಗರಸಿನಲ್ಲಿ ಗುಂಡಿ ತೋಡುವುದು ಆಟದ ಮಾತಾಗಿರಲಿಲ್ಲ. ನೀರು ಹಾಕಿ ನೆನೆಸಿ, ಮರುದಿನ ಅಗೆದು, ಮತ್ತೆ ನೀರು ಹಾಕಿ, ಹೀಗೆ ಡ್ಯೂಟಿ ಮುಗಿಸಿ ಬಂದ ಸಂಜೆಗಳನ್ನೆಲ್ಲ ಅದಕ್ಕೇ ಇಟ್ಟರು. ಅಂಗೈ ತುಂಬ ಬೊಕ್ಕೆ ಎದ್ದವು. ಟಿಕೀಟು ಹರಿಯುವಾಗ ಉರಿಯುತ್ತಿದ್ದವಂತೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದರು. “ಗುದ್ದಲಿ ಹಂಗ ಹಿಡೀತಾರೇನೋ? ಟಿಕೀಟ ಪಂಚ್ ಮಾಡಿದಂಗ ಮಾಡತಿ” ಎಂದು ನಡುನಡುವೆ ಚುಚ್ಚುತ್ತಿದ್ದರು. ಇವರು ನಗುತ್ತಿದ್ದರು. ಅವ್ವ ಬೈದರೂ ಸರಿ, ಹತ್ತಿರ ಕುಳಿತು ಬೈಯಲಿ ಎನ್ನುವ ನಗು ಅದು.

ಗುಂಡಿ ಆಯಿತು. ಈಗ ಹಾಕುವುದು ಏನನ್ನು? ಹಳ್ಳಿಯ ತಿಪ್ಪೆಗೆ ದನದ ಕೊಟ್ಟಿಗೆಯ ಶೆಗಣಿ, ದನ ತಿಂದು ಬಿಟ್ಟ ಸೊಪ್ಪೆ ದಿನವೂ ತಾನಾಗಿ ಬರುತ್ತದೆ. ನಮ್ಮ ಮೂವರ ಮನೆಯಲ್ಲಿ ಹುಟ್ಟುವ ಸಿಪ್ಪೆ ಗುಂಡಿಯ ತಳಕ್ಕೂ ಸಾಲುತ್ತಿರಲಿಲ್ಲ. ಇಲ್ಲಿಯೇ ನಾನು ನಮ್ಮ ಮನೆಯವರ ಜಾಣತನ ಕಂಡದ್ದು. ದನ ಇಲ್ಲದಿದ್ದರೇನು, ಬಸ್ಸು ಇದೆಯಲ್ಲ, ಎಂದರು. ಮೋಟೆಬೆನ್ನೂರಿನಲ್ಲಿ ಹೈವೇದ ಬದಿಗೆ ಒಂದು ಚಹಾದ ಅಂಗಡಿ ಇತ್ತು. ಸೋಸಿ ಬಿಟ್ಟ ಚಹಾಪುಡಿಯನ್ನು ಡಬ್ಬಿಯಲ್ಲಿ ತುಂಬಿ ಇಡಲು ಅಲ್ಲಿಯವನಿಗೆ ಹೇಳಿಟ್ಟರು. ರಾಣೆಬೆನ್ನೂರಿನ ಎಣ್ಣೆಗಾಣದಿಂದ ಶೇಂಗಾದ ಹೊಟ್ಟು. ಹಾವೇರಿಯ ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಕಸ ಹೊಡೆಯುವವಳು ಎಲೆಗಳನ್ನು ಇವರಿಗೆಂದೇ ಒಂದು ಕಡೆ ಗುಡ್ಡೆ ಹಾಕಿಡುತ್ತಿದ್ದಳು. ಚೀಲ ಬಸ್ಸಿನ ಮೇಲೆ, ಇವರು ಬಸ್ಸಿನ ಒಳಗೆ. ಊರಿಗೊಂದು ಪದಾರ್ಥ ಹತ್ತಿಸಿಕೊಂಡು ಬಂದು ಸಂಜೆ ಗುಂಡಿಯಲ್ಲಿ ಇಳಿಸುತ್ತಿದ್ದರು.

ಶೆಗಣಿಯ ಬದಲಿಗೆ ಪಕ್ಕದ ಮನೆಯ ಕುದುರೆ ಇತ್ತು. ಪಕ್ಕದವರು ಮುಸಲ್ಮಾನರು. ಗಂಡ ಸ್ಟೇಶನ್ನಿಗೆ ಟಾಂಗಾ ಹೊಡೆಯುತ್ತಿದ್ದ. ಅವನ ಹೆಂಡತಿಯನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಲದ್ದಿ ಕೇಳಲು ಹೋದಾಗ ಚಾಚಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

“ಯಾ ಅಲ್ಲಾ! ಇಷ್ಟ ವರ್ಸ ಆತು, ಲದ್ದಿ ಚೆಲ್ಲಾಕ ಜಾಗಾ ಇಲ್ಲಂತ ನನ್ನ ಕೂಡ ಜಗಳಾಡಿದವರ ಅದಾರ. ಲದ್ದಿ ಕೊಡ್ರಿ ಅಂತ ಬಾಗಲಕ್ಕ ಬಂದವರು ನೀವ ಮೊದಲು, ಭಾಯಿ. ತಗೊಂಡ ಹೋಗ್ರಿ, ಬೇಕಂದ್ರ ಕುದುರೀನ ತಗೊಂಡ ಹೋಗ್ರಿ.”

ಅತ್ತೆಗೆ ಕುದುರೆಯ ಲದ್ದಿ ಮನಸ್ಸಿಗೆ ಬರಲಿಲ್ಲ. “ಶೆಗಣಿ ಶೆಗಣೀನ, ಲದ್ದಿ ಲದ್ದೀನ. ಅದು ಬಾಳ ಕಾವು” ಎಂದರು. ಆದರೂ ಲದ್ದಿ ಬಿದ್ದ ಮೇಲೆ ಅದರ ಮೇಲೆ ಒಲೆಯ ಬೂದಿ ಉದುರಿಸಿ, ಕೈಯಿಂದ ಮಣ್ಣು ಹರವಿ, ಚೊಂಬಿನಿಂದ ನೀರು ಚಿಮುಕಿಸಿದವರು ಅವರೇ. ಮಗ ತಂದು ಹಾಕುವುದು, ತಾಯಿ ಅದನ್ನು ನೋಡಿ ಮೂಗು ಮುರಿಯುವುದು, ಮತ್ತೆ ತಾನೇ ಸರಿ ಮಾಡುವುದು. ನಾಕು ದಿನ ಇದ್ದು ಹೋಗುತ್ತೇನೆ ಎಂದವರು ಕಾರಹುಣ್ಣಿಮೆಯ ತನಕ ಉಳಿದರು. ಹೋಗುವ ಮಾತು ಮಾತ್ರ ಬಿಟ್ಟಿರಲಿಲ್ಲ. “ಶ್ರಾವಣ ಮುಗೀಲಿ, ಹೋಗಿಬಿಡತೀನಿ” ಎನ್ನುತ್ತಿದ್ದರು.

ಬ್ಯಾಡಗಿಯ ಚೀಲ ಬಂದದ್ದು ಇದಕ್ಕೂ ಮೊದಲು, ಬೇಸಿಗೆಯಲ್ಲಿಯೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಯಿಯ ತುಂಬು ಬಿಡಿಸುತ್ತಾರೆ. ತುಂಬು ಅಂದರೆ ತೊಟ್ಟು. ಅದು ರಾಶಿಗಟ್ಟಲೆ ಬಿದ್ದಿರುತ್ತದೆ, ಯಾರಿಗೂ ಬೇಡ. ಯಾರಿಗೂ ಬೇಡದ್ದು ಕಂಡರೆ ಇವರ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದೊಡ್ಡ ಚೀಲ ತುಂಬಿಸಿ ಬಸ್ಸಿನ ಮೇಲೆ ಹಾಕಿಸಿದರು. ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಬಸ್ಸು ವೇಗ ಹಿಡಿದಂತೆ ಮೇಲಿನಿಂದ ಧೂಳು ಕಿಟಕಿಗಳಲ್ಲಿ ಇಳಿಯಲು ಹತ್ತಿತು. ಮುಂದಿನಿಂದ ಹಿಂದಿನವರೆಗೆ ಎಲ್ಲರೂ ಸೀನುವವರೇ. ಡ್ರೈವರ್ ಸೀನಿ ಸೀನಿ ಬಸ್ಸನ್ನು ಬದಿಗೆ ನಿಲ್ಲಿಸಿದನಂತೆ. ಒಬ್ಬ ಮುದುಕ ಕಣ್ಣು ಒರೆಸಿಕೊಳ್ಳುತ್ತ, “ಕಂಡಕ್ಟರ್ ಸಾಹೇಬ್ರ, ಟಿಕೀಟಿನ ಕೂಡ ಖಾರಾನೂ ಕೊಡಾಕ ಹತ್ತೀರೇನ್ರಿ?” ಎಂದನಂತೆ. ಇದನ್ನು ಇವರೇ ಬಂದು ಹೇಳಿದರು. ನಾನು ನಕ್ಕೆ. ಅತ್ತೆ ನಗಲಿಲ್ಲ. ಮಾವನವರು ಹೋದ ಮೇಲೆ ಅವರು ನಕ್ಕದ್ದನ್ನು ನಾವು ಯಾರೂ ನೋಡಿರಲಿಲ್ಲ.

ನಕ್ಕದ್ದು ಗುಂಡಿ ತಿರುವಿ ಹಾಕಿದ ದಿನ. ಕೆಳಗಿನದು ಮೇಲೆ, ಮೇಲಿನದು ಕೆಳಗೆ ಬರಲಿ ಎಂದು ಇವರು ಸನಿಕೆ ಹಿಡಿದು ಇಳಿದರು. ಮೇಲೆ ಹರವಿದ್ದ ತುಂಬು ಬಿಸಿಲಿಗೆ ಒಣಗಿ ಪುಡಿಯಾಗಿತ್ತು. ಒಂದೇ ಸಲ ತಿರುವಿದ್ದು, ಅಷ್ಟೇ. ಕೆಂಪು ಧೂಳು ಎದ್ದು ಗೋಡೆ ದಾಟಿತು. ಇವರು ಸೀನುತ್ತ ಗುಂಡಿಯಲ್ಲೇ ಕುಳಿತುಬಿಟ್ಟರು. ನಾನು ಒಳಗೆ ಓಡಿದೆ. ಅಷ್ಟರಲ್ಲಿ ಗೋಡೆಯ ಆಚೆ ಕುದುರೆ ಒಮ್ಮೆ ಜೋರಾಗಿ ಸೀನಿತು. ಹಿಂದೆಯೇ ಚಾಚಿಯ ದನಿ: “ಏ ಭಾಯಿ! ಗೊಬ್ಬರ ಮಾಡಾಕ ಹತ್ತೀರೋ, ಒಗ್ಗರಣಿ ಹಾಕಾಕ ಹತ್ತೀರೋ? ನಮ್ಮ ಕುದುರಿ ಇವತ್ತ ಸ್ಟೇಶನ್ನಿಗೆ ಬರಂಗಿಲ್ಲ ಅನ್ನಾಕ ಹತ್ತೈತಿ!”

ಅತ್ತೆ ಕಲ್ಲಿನ ಮೇಲೆ ಕುಳಿತವರು ಮೊದಲು ಮೂಗಿಗೆ ಸೆರಗು ಹಿಡಿದರು. ಆಮೇಲೆ ಅವರ ಹೆಗಲು ಕುಲುಕಲು ಹತ್ತಿತು. ಬಾಗಿಲಲ್ಲಿದ್ದ ನಾನು, ಅಳುತ್ತಿದ್ದಾರೆ ಎಂದು ಹೆದರಿ ಹತ್ತಿರ ಹೋದೆ. ನಗುತ್ತಿದ್ದರು. ಕಣ್ಣಲ್ಲಿ ನೀರು, ಖಾರಕ್ಕೋ ನಗೆಗೋ. “ಕುದುರಿ... ಕುದುರಿ ಸೀನತೈತಲ್ಲೋ ತಮ್ಮಾ” ಎನ್ನುತ್ತ ಉಸಿರು ಹಿಡಿದುಕೊಂಡು ನಕ್ಕರು. ಇವರು ಗುಂಡಿಯಲ್ಲಿ ಕುಳಿತೇ ತಾಯಿಯ ಮುಖ ನೋಡಿದರು. ಮೈಮೇಲೆ ತುಂಬಿನ ಚೂರು, ಮೂಗು ಕೆಂಪಗೆ. ಆದರೂ ಎದ್ದು ಬರಲಿಲ್ಲ. ಎದ್ದರೆ ಆ ನಗು ನಿಂತೀತು ಎನ್ನುವಂತೆ ಕುಳಿತೇ ಇದ್ದರು.

ಮುಂದೆ ಮಳೆ ಹಿಡಿಯಿತು. ಗುಂಡಿ ತುಸು ತುಸು ಇಳಿಯುತ್ತ ಬಂತು. ಇವರು ಮೇಲೆ ಗೋಣಿಚೀಲ ಹೊದಿಸಿ, ನಡುವೆ ಒಂದು ಕಬ್ಬಿಣದ ಸಲಾಕೆ ನೆಟ್ಟಿದ್ದರು. ಡ್ಯೂಟಿಯಿಂದ ಬಂದ ಕೂಡಲೇ ಸಲಾಕೆ ಎಳೆದು ಕೈಯಿಂದ ಮುಟ್ಟಿ ನೋಡುವುದು. ಬಿಸಿ ಇದ್ದರೆ ಒಳಗೆ ಇನ್ನೂ ಕೆಲಸ ನಡೆದಿದೆ ಎಂದು ಅರ್ಥ. ತಣ್ಣಗಾದರೆ ಕೊಳೆತು ಹದವಾಗಿ ಕಳಿತಂತೆ. ಇದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವಸರ ಮಾಡಿದರು. ಶ್ರಾವಣ ಬಂದಿತ್ತಲ್ಲ.

ಶ್ರಾವಣದ ಶನಿವಾರ ಹಣಮಪ್ಪನ ದರ್ಶನ ಮಾಡಿ ಬರುತ್ತೇನೆ ಎಂದು ಅತ್ತೆ ಕದರಮಂಡಲಗಿಗೆ ಹೋದರು. ಅಲ್ಲಿ ಮಗಳನ್ನು ಕೊಟ್ಟಿತ್ತು. ಕೆಲವು ದಿನ ಅಲ್ಲಿಯೇ ಉಳಿದರು. ನಮ್ಮ ಮನೆಯಲ್ಲಿ ಬಿಟ್ಟುಹೋದ ಅವರ ಗಂಟಿನಲ್ಲಿ ಕರ್ಜಗಿಯಿಂದ ತಂದ ಹೀರೇಕಾಯಿಯ ಬೀಜ ಇತ್ತು. ಬೂದಿಯಲ್ಲಿ ಕಲಸಿ, ಒಣ ಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಅರಿವೆ ಬಿಗಿದು ಇಟ್ಟದ್ದು. ಅತ್ತೆ ತಿರುಗಿ ಬರುವಷ್ಟರಲ್ಲಿ ಅವರದೇ ಹೀರೆಯ ಬಳ್ಳಿ ನಮ್ಮ ಹಿತ್ತಲಿನಲ್ಲಿ ಎದ್ದಿರಬೇಕು, ಅದನ್ನು ಕಂಡರೆ ಊರಿನ ಮಾತು ಮರೆಯುತ್ತಾರೆ, ಇದು ಇವರ ಲೆಕ್ಕಾಚಾರ. ಗುಂಡಿಯಿಂದ ಮೇಲಿನ ಕಪ್ಪನೆಯದನ್ನು ತೆಗೆದು, ಗರಸು ಒಡೆದು, ಮಡಿ ಮಾಡಿ, ಬೀಜ ಹಾಕಿದರು.

ಸಸಿಗಳು ಎದ್ದವು. ಲಗೂ ಎದ್ದವು. ಇವರು ಡ್ಯೂಟಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬಗ್ಗಿ ನೋಡುತ್ತಿದ್ದರು. ಆಮೇಲೆ ಎಲೆಯ ಅಂಚು ಹಳದಿಯಾಯಿತು. ಹಳದಿ ಕಂದಾಯಿತು. ಅತ್ತೆ ಬಂದ ದಿನ ಸಸಿಗಳೆಲ್ಲ ಸುಟ್ಟ ಬತ್ತಿಯ ಹಾಗೆ ತಲೆ ಚೆಲ್ಲಿದ್ದವು.

ಅತ್ತೆ ಮಡಿಯ ಹತ್ತಿರ ಹೋಗಿ ಒಂದು ಸಸಿ ಕಿತ್ತು ಬೇರು ನೋಡಿದರು. “ನನ್ನ ಬೀಜ” ಎಂದರು. ಇವರು ತಲೆ ತಗ್ಗಿಸಿ ನಿಂತಿದ್ದರು.

“ಎಲ್ಲಾ ಹಾಕಿದೇನು?”

“ಇಲ್ಲಬೇ. ಅರ್ಧಾ ಉಳಿಸೇನಿ.”

“ಅಷ್ಟರ ಬುದ್ಧಿ ಇಟ್ಟಾನ ದೇವರು.” ಸಸಿಯನ್ನು ಕೆಳಗಿಟ್ಟರು. “ನಾಳೆ ಮೊದಲನೇ ಬಸ್ಸಿಗೆ ನನ್ನ ಕರ್ಜಗಿಗೆ ಕಳಿಸಿಬಿಡು. ಈ ನೆಲಕ್ಕೂ ನನಗೂ ಋಣ ಇಲ್ಲ.”

ಇವರು ಒಳಗೆ ಬಂದು ಊಟಕ್ಕೂ ಕೂರದೆ ಜಮಖಾನೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಹಗಲು ಮಲಗುವ ಮನುಷ್ಯ ಅಲ್ಲ ಅವರು. ನಾನು ಹಿತ್ತಲಿಗೆ ಬಂದರೆ, ಅತ್ತೆ ಗುಂಡಿಯ ಗೋಣಿಚೀಲ ಸರಿಸಿ, ಮೊಣಕೈಯ ತನಕ ತೋಳನ್ನು ಗೊಬ್ಬರದೊಳಗೆ ಹಾಕಿ ಕುಳಿತಿದ್ದರು. ಕಣ್ಣು ಮುಚ್ಚಿದ್ದವು. ಬಹಳ ಹೊತ್ತಿನ ಮೇಲೆ ತೋಳು ತೆಗೆದು ನನಗೆ ತೋರಿಸಿದರು. ತೋಳಿನಿಂದ ಹಬೆ ಏಳುತ್ತಿತ್ತು.

“ಮುಟ್ಟಿ ನೋಡವ್ವಾ. ಬಾಣಂತಿ ಕೋಣಿ ಇದ್ದಂಗ ಐತಿ ಒಳಗ. ಹಡದ ಐದನೇ ದಿನಕ್ಕ ಬಾಣಂತೀನ ಎಬ್ಬಿಸಿ ಹೊಲಕ್ಕ ಕಳಿಸಿದಂಗ ಮಾಡ್ಯಾನ ನಿನ್ನ ಗಂಡ. ಇದರದೇನು ತಪ್ಪು?” ಒಂದು ಹಿಡಿ ತೆಗೆದು ಮೂಸಿದರು. ಅವರ ದನಿ ಬೇರೆಯಾಯಿತು. “ಮಾಲು ಛಲೋ ಐತಿ. ಚಾಪುಡಿ ಎಲ್ಲಾ ಮಣ್ಣ ಆಗೇತಿ ನೋಡು. ನಾ ಅದು ಕಳಿಯೂದಿಲ್ಲ ಅಂದಿದ್ದೆ.”

ಆಮೇಲೆ ಒಳಗಿನ ಕಡೆಗೆ ಮುಖ ತಿರುಗಿಸಿ ಗಟ್ಟಿಯಾಗಿ ಕೂಗಿದರು: “ಏ ಮಲಗಿದಾವನ! ಎದ್ದ ಬಾ ಹೊರಗ. ಇದು ಕಳಿಯೂತನಕಾ ಇದ್ದು ಹೋಗತೀನಿ. ಅಲ್ಲೀತನಕಾ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ.”

ಅಂದು ತಾಯಿ ಮಗ ಕೂಡಿ ಗುಂಡಿಯನ್ನು ಪೂರ್ತಿ ತೆಗೆದು ಮತ್ತೆ ತುಂಬಿದರು. ಒಂದು ಪದರು ಗೊಬ್ಬರ, ಒಂದು ಪದರು ಕೆರೆಯ ಮಣ್ಣು, ಬೂದಿ. ಮೇಲೆ ಮಣ್ಣು ಶೆಗಣಿ ಕಲಸಿ ಸಾರಿಸಿ ಮುಚ್ಚಿದರು. ಶೆಗಣಿ ತರಲು ಇವರು ಓಣಿಯೆಲ್ಲ ಅಲೆದು ಬಂದರು, ಸಾರಿಸುವುದಕ್ಕೆ ಲದ್ದಿ ನಡೆಯುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಕಳಿಯುವ ಗುಂಡಿಗೆ ಇನ್ನು ಹಸಿಯದು ಏನೂ ಬೀಳಕೂಡದು ಎಂದೂ ಹೇಳಿದರು. ಹೇಳಿದ್ದು ಅವರೇ. ಅದನ್ನು ಹಿಡಿದುಕೊಂಡವರು ಇವರು.

ಮುಂದಿನ ರವಿವಾರ ಮುಂಜಾನೆ ಎದ್ದು ನೋಡಿದರೆ ಇವರು ಮೊದಲನೇ ಗುಂಡಿಯ ಮಗ್ಗುಲಿಗೆ ಮತ್ತೊಂದು ಗುಂಡಿ ತೋಡುತ್ತಿದ್ದರು. ಮಳೆಗೆ ನೆಲ ತುಸು ಮೆತ್ತಗಾಗಿತ್ತು. ಅತ್ತೆ ಕಲ್ಲಿನ ಮೇಲೆ ಬಂದು ಕುಳಿತರು.

“ಒಂದು ಐತಲ್ಲೋ. ಮತ್ತೊಂದು ಯಾಕ?”

“ಕಳಿಯೂದಕ್ಕ ಹಸೀದು ಹಾಕಬಾರದು ಅಂದೀಯಲ್ಲ. ದಿನಾ ಬರೂ ಸಿಪ್ಪಿ ಎಲ್ಲಿ ಹಾಕೂನು?”

“ಅದೂ ಹೌದು.”

“ಇದು ತುಂಬೂದರಾಗ ಅದು ಕಳೀತೈತಿ. ಅದನ್ನ ತಗದು ಗಿಡಕ್ಕ ಹಾಕೂದರಾಗ ಇದು ಕಳಿಯಾಕ ಹತ್ತತೈತಿ. ಮತ್ತ ಅದು ಖಾಲಿ. ಮತ್ತ ತುಂಬೂದು.”

ಅತ್ತೆ ಎರಡೂ ಗುಂಡಿಗಳನ್ನು ನೋಡಿದರು. “ಹಂಗಾದ್ರ ಮುಗಿಯೂದು ಯಾವಾಗೋ?”

ಇವರು ತಲೆ ಎತ್ತಲಿಲ್ಲ. ಹಾರೆಯನ್ನು ಎತ್ತಿ ಕುಕ್ಕಿ, “ಮುಗಿಯಾಂಗಿಲ್ಲ” ಎಂದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆಯ ಮುಖ ನನಗೆ ಕಾಣುತ್ತಿತ್ತು, ಇವರಿಗೆ ಕಾಣುತ್ತಿರಲಿಲ್ಲ. ಅವರು ಮಗನ ಬೆನ್ನನ್ನು ನೋಡುತ್ತಿದ್ದರು. ಬೆವರಿಗೆ ಬನಿಯನ್ ಬೆನ್ನಿಗೆ ಅಂಟಿತ್ತು. ಎದ್ದು ಹೋಗಿ ಗುಂಡಿಯಲ್ಲಿ ಇಣುಕಿ ನೋಡಿದರು. “ಆಳ ಸಾಲದು. ಇನ್ನೂ ಒಂದು ಮೊಳ ತೋಡು” ಎಂದರು.

ದಸರೆ ದಾಟಿದ ಮೇಲೆ ಮೊದಲನೇ ಗುಂಡಿಯ ಸಲಾಕೆ ತಣ್ಣಗಾಗುತ್ತ ಬಂತು. ಗುಂಡಿಯ ಅಂಚಿನಲ್ಲಿ, ತುಂಬಿನ ಕೂಡ ಬಂದ ಬೀಜಗಳಿಂದ, ಯಾರೂ ಹಾಕದ ಮೆಣಸಿನ ಸಸಿಗಳು ಎದ್ದಿದ್ದವು. ಇವರು ಒಂದನ್ನೂ ಕೀಳಲು ಬಿಡಲಿಲ್ಲ. ಹಿತ್ತಲಿನಲ್ಲಿ ಓಡಾಡಲು ದಾರಿಯಿಲ್ಲ ಎಂದು ನಾನು ಗೊಣಗಿದರೆ, “ಪಾಪ, ಬ್ಯಾಡಗಿಯಿಂದ ನಿಂತಗೊಂಡ ಬಂದಾವು, ಕುಂದರಲಿ ಬಿಡು” ಎನ್ನುತ್ತಿದ್ದರು.

ದೀಪಾವಳಿಗೆ ಭಾವನವರು ಅತ್ತೆಯನ್ನು ಕರೆದೊಯ್ಯಲು ಕರ್ಜಗಿಯಿಂದ ಬಂದರು. ನಮ್ಮ ಕಡೆ ಪಾಡ್ಯದ ದಿನ ಶೆಗಣಿಯಲ್ಲಿ ಸಣ್ಣ ಸಣ್ಣ ಪಾಂಡವರನ್ನು ಮಾಡಿ, ಹೂವು ಸಿಗಿಸಿ, ಹೊಸ್ತಿಲಿಗೆ, ಒಲೆಗೆ, ತಿಪ್ಪೆಗೆ ಇಟ್ಟು ಪೂಜೆ ಮಾಡುತ್ತಾರೆ. ತಿಪ್ಪೆಯೂ ಲಕ್ಷ್ಮಿಯೇ. ಕರ್ಜಗಿಯ ಮನೆಯ ತಿಪ್ಪೆಗೆ ಪಾಂಡವರನ್ನು ಇಡುವವರು ಅತ್ತೆಯೇ, ಮದುವೆಯಾಗಿ ಬಂದ ವರ್ಷದಿಂದ. ಅದನ್ನು ತಪ್ಪಿಸಲು ಆಗುತ್ತದೆಯೇ? ಇವರಿಗೂ ಅದು ಗೊತ್ತಿತ್ತು. ಭಾವನವರು ಬಂದ ದಿನ ಹಬ್ಬದ ಗದ್ದಲಕ್ಕೆ ಇವರಿಗೆ ಕರ್ಜಗಿಯ ಕಡೆಯ ಬಸ್ಸೇ ಬಿದ್ದಿತ್ತು. “ಮಧ್ಯಾಹ್ನದ ಗಾಡಿಗೆ ಅವ್ವನ್ನ ಕರಕೊಂಡ ಬಾ ಅಣ್ಣಾ, ನಾನ ಇರತೀನಿ” ಎಂದು ಹೇಳಿ ಮುಂಜಾನೆಯೇ ಹೋದರು. ಹೋಗುವಾಗ ಹಿತ್ತಲಿಗೆ ಹೋಗಲಿಲ್ಲ. ಕರ್ಜಗಿಗೆ ಒಮ್ಮೆ ಹೋದರೆ ಅವ್ವ ಮತ್ತೆ ಬರುವುದಿಲ್ಲ ಎಂದು ಅವರು ತಿಳಿದುಬಿಟ್ಟಿದ್ದರು.

ಊಟವಾಯಿತು. ಭಾವನವರು ಪಟಗ ಸುತ್ತಿಕೊಂಡು, “ಯವ್ವಾ, ಏಳು, ಹೊತ್ತಾತು” ಎಂದರು. ಅತ್ತೆ ಗಂಟು ಕಟ್ಟಿರಲೇ ಇಲ್ಲ.

“ನೀ ಹೋಗಪ್ಪಾ.”

“ಅಂದ್ರ? ತಿಪ್ಪಿಗೆ ಪಾಂಡವರ್ನ ಇಡಾವರು ಯಾರು?”

“ನಿನ್ನ ಹೇಣ್ತಿ ಅದಾಳಲ್ಲ. ನಾ ಸಾಯೂತನಕಾ ಆಕಿ ಕಲಿಯೂದ ಬ್ಯಾಡೇನು? ಇಲ್ಲೀ ಗುಂಡಿ ಕಳಿತು ತಣ್ಣಗಾಗೇತಿ, ಇವತ್ತ ಸಂಜಿಗೆ ತಗೀಬೇಕು. ಈಕಿಗೇನು ಬರತೈತಿ,” ಎಂದು ನನ್ನ ಕಡೆ ಕೈ ಮಾಡಿದರು, “ಗಟಾರಕ್ಕ ಚೆಲ್ಲೂದು ಬರತೈತಿ.”

ಭಾವನವರಿಗೆ ಸಿಟ್ಟು ಬಂತು. “ಒಂದು ಬುಟ್ಟಿ ಗೊಬ್ಬರದ ಸಲುವಾಗಿ ಹಬ್ಬಕ್ಕ ಮನಿಗೆ ಬರೂದಿಲ್ಲೇನು?” ಎಂದರು. ಅತ್ತೆ, “ಇನ್ನೊಂದು ಗುಂಡಿ ಅರ್ಧಾ ತುಂಬೈತಿ. ಅದು ಕಳಿಯಲಿ, ಆಮ್ಯಾಲೆ ನೋಡೂನು” ಎಂದು ಎದ್ದು ಹೋದರು.

ಅದು ಕಳಿಯಿತು. ಆಮೇಲೆ ಮತ್ತೊಂದು ಕಳಿಯಿತು. ಗರಸಿನ ನೆಲ ಕಪ್ಪಾಯಿತು, ಹೀರೆ ಹಬ್ಬಿ ಚಾಚಿಯ ಗೋಡೆ ಏರಿತು, ಓಣಿಯವರು ಹೂವಿನ ಗಿಡಕ್ಕೆಂದು ಡಬ್ಬಿ ಹಿಡಿದು ಗೊಬ್ಬರ ಕೇಳಲು ಬಂದರು. ಕಳಿತ ಗೊಬ್ಬರ ಎಷ್ಟು ಹಗುರ, ಎಷ್ಟು ತಂಪು ಇರುತ್ತದೆ ಎಂದು ನಾನು ತಿಳಿದದ್ದು ಆಗಲೇ. ಚಹಾಪುಡಿ ಯಾವುದು, ಬೇವಿನ ಎಲೆ ಯಾವುದು, ಲದ್ದಿ ಯಾವುದು, ಏನೂ ಹೇಳಲು ಬರುವುದಿಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ. ಅತ್ತೆ ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಇದೇ ಮನೆಯಲ್ಲಿ ಮಗನ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದರು. ಇರುತ್ತೇನೆ ಎಂದು ಅವರು ಎಂದೂ ಅನ್ನಲಿಲ್ಲ. ಇರು ಎಂದು ಇವರೂ ಅನ್ನಲಿಲ್ಲ.

ಇವರು ತೀರಿಕೊಂಡಾಗ ಭಾವನವರು ಬಂದಿದ್ದರು. ಈಗ ಅವರಿಗೂ ವಯಸ್ಸಾಗಿದೆ. ಮಂದಿಯೆಲ್ಲ ಎದ್ದು ಹೋದ ಮೇಲೆ, ಗೋಡೆಗೆ ಒರಗಿ ಕುಳಿತು, ತಾವಾಗಿಯೇ ಆ ದೀಪಾವಳಿಯ ಮಾತು ತೆಗೆದರು.

“ನಿನಗ ಹೇಳಿಲ್ಲ ತಂಗಿ. ಅವತ್ತ ಬಸ್ಸಿನ್ಯಾಗ ಅವ ಮುಂದಿನ ಸೀಟಿನ ಮ್ಯಾಲೆ ತನ್ನ ಟವೆಲ್ ಹಾಸಿ ಇಟ್ಟಿದ್ದ, ಅವ್ವ ಕುಂದರಲಿ ಅಂತ. ಯಾರರ ಕುಂದರಾಕ ಬಂದ್ರ ಏಳಸಾಕ ಹತ್ತಿದ್ದ. ನನ್ನ ಒಬ್ಬನ್ನ ನೋಡಿ, ಅವ್ವ ಎಲ್ಲಿ ಅಂದ. ನಾ ಸಿಟ್ಟಿನ್ಯಾಗ ಇದ್ದೆ. ಬರೂದಿಲ್ಲಂತ, ನಿನ್ನ ಹೊಲಸ ತಿಪ್ಪಿ ಬಿಟ್ಟು ಬರೂದಿಲ್ಲಂತ ಅಂದೆ. ಅವ ಟವೆಲ್ ತಗೊಂಡು ಮಾರಿ ವರಸಿಕೊಂಡ. ಆಮ್ಯಾಲೆ ಸೀಟಿ ಊದಿದ ನೋಡು! ಮಂದಿ ಇನ್ನೂ ಹತ್ತಾಕ ಹತ್ತಿದ್ರು. ಒಬ್ಬಾಕೀದು ಒಂದು ಕಾಲು ಮ್ಯಾಲೆ, ಒಂದು ಕಾಲು ಕೆಳಗ. ಡ್ರೈವರ್ ಬೈದ, ಏನಾಗೇತೋ ನಿನಗ ಇವತ್ತ ಅಂತ. ಅವ ನಕ್ಕೋತ ಮತ್ತ ಊದಿ ನಿಂದರಿಸಿದ. ಎಲ್ಲಾರಿಗೂ ಟಿಕೀಟು ಹರದ, ನನಗ ಹರಿಯೂದು ಮರತ. ಕರ್ಜಗಿ ಬಂದ ಮ್ಯಾಲೆ ನಾನ ಕೇಳಿ ತಗೊಂಡೆ.”

ಭಾವನವರು ಪಟಗದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ನಾನು ಈ ಮಾತು ಕೇಳಿದ್ದು ಅದೇ ಮೊದಲು. ಇವರು ನನಗೆ ಹೇಳಿರಲಿಲ್ಲ. ಆ ಸಂಜೆ ಇವರು ಮನೆಗೆ ಬಂದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿನ ಟಿಕೀಟಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಖಾಕಿಯನ್ನೂ ಬದಲಿಸದೆ ಹಿತ್ತಲಿಗೆ ಹೋದರು. ಅತ್ತೆ ಗುಂಡಿಯ ಬಾಯಿ ತೆರೆದು, ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು.

“ಇಷ್ಟೊತ್ತೇನೋ? ಲಗೂ ಬಾ, ಕತ್ತಲಾಗೂದರಾಗ ಒಂದು ಮಡಿಗರ ಹಾಕೂನು.”

ಇವರು ಬುಟ್ಟಿ ಹಿಡಿದರು, ಅತ್ತೆ ತುಂಬಿದರು. ನಾನು ಚಹಾ ಮಾಡಿ ಕರೆದೆ. ಆರುತ್ತದೆ ಬರ್ರಿ ಎಂದು ಮತ್ತೆ ಕರೆದೆ. ಒಬ್ಬರೂ ಬರಲಿಲ್ಲ.